ಎರಡನೆಯ ಕೊಡದ ನೀರು



ಮಾಯೆ, ಮಂತ್ರ, ಯಂತ್ರಮಾನವ, ಅನ್ಯಲೋಕಗಳ ಸಿನಿಮಾಗಳನ್ನು ಮಕ್ಕಳಿಗೆ ತೋರಿಸಬಹುದೇ ಎಂಬ ಪ್ರಶ್ನೆ ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ಆಗಾಗ ಏಳುತ್ತದೆ. 2001ರಲ್ಲಿ ಹ್ಯಾರಿ ಪಾಟರ್ ಕಥೆಯ ಮೊದಲ ಚಿತ್ರ ತೆರೆಕಂಡಾಗ ಹಲವು ದೇಶಗಳ ಕ್ರೈಸ್ತ ಪಾಲಕರು ಇದನ್ನು ಗಟ್ಟಿಯಾಗಿಯೇ ಕೇಳಿದ್ದರು. ಅಂದು ಸಿನಿಮಾ ನೋಡಲು ಥೇಟರಿಗೆ ಹೋಗಬೇಕಿತ್ತು. ಇಂದು ಅದು ಮೊಬೈಲಿನ ಮೂಲಕ ಮನೆಯ ಮೂಲೆಗೇ ಬಂದು ಕುಳಿತಿದೆ. ಆದ್ದರಿಂದ ಪ್ರಶ್ನೆಗೆ ಇನ್ನಷ್ಟು ತೂಕ ಬಂದಿದೆ.

ಇದಕ್ಕೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಒಂದು ಬಗೆಯ ಎಣಿಕೆ. ಚಿತ್ರದಲ್ಲಿ ಮಾಟಗಾತಿ ಇದ್ದಾಳೆಯೇ? ಮಂತ್ರದಂಡ ಇದೆಯೇ? ಇದ್ದರೆ ಬೇಡ, ಇಲ್ಲದಿದ್ದರೆ ಅಡ್ಡಿಯಿಲ್ಲ. ಈ ಎಣಿಕೆ ಸುಲಭ, ಆದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಮಾಟಗಾತಿಯ ಸೋಲನ್ನು ಹೇಳುವ ಕಥೆ ಅದರಲ್ಲಿ ತಿರಸ್ಕೃತವಾಗುತ್ತದೆ. ಮಂತ್ರದ ಸೊಲ್ಲೇ ಇಲ್ಲದೆ ದುರಾಸೆಯನ್ನು ಕಲಿಸುವ ಕಥೆ ಸಲೀಸಾಗಿ ಒಳಗೆ ಬರುತ್ತದೆ. ಅದ್ಭುತ ಇದೆಯೇ ಎಂದು ಕೇಳುವುದಕ್ಕಿಂತ ಆ ಅದ್ಭುತವನ್ನು ಏನು ಮಾಡಲಾಗಿದೆ ಎಂದು ಕೇಳುವುದು ಹೆಚ್ಚು ಉಚಿತವಲ್ಲವೇ? ಈ ಮಾತನ್ನು ನಿಮ್ಮ ಮುಂದಿಡುವುದಷ್ಟೇ ಈ ಬರಹದ ಉದ್ದೇಶ. ಇದು ಪಂಡಿತರ ತೀರ್ಪಲ್ಲ, ಕಥೆಗಳನ್ನು ಪ್ರೀತಿಯಿಂದ ಓದಿ, ಅವು ತೆರೆಯ ಮೇಲೆ ಬಂದಾಗ ಕುತೂಹಲದಿಂದ ನೋಡುವ ಒಬ್ಬ ಪ್ರೇಕ್ಷಕನ ಅಭಿಪ್ರಾಯ.

ನಮ್ಮ ಸೀಮೆಯ ಕಣ್ಣು

ಇಂಡಿ ತಾಲ್ಲೂಕಿನ ತಾಂಬಾ ಹಾಗೂ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಈ ಸೀಮೆಗೆ ಅದ್ಭುತದ ಕಥೆ ಹೊಸದೇನೂ ಅಲ್ಲ. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತದ ಆಟವನ್ನೇ ನೆನೆಯಿರಿ. ಸ್ವರ್ಗದ ಹೂವೊಂದು ಭೂಮಿಗೆ ಬರುತ್ತದೆ. ಅದರಿಂದ ಸತ್ಯಭಾಮೆಯ ಮನೆಯಲ್ಲಿ ಬಿರುಗಾಳಿ ಏಳುತ್ತದೆ. ಕೃಷ್ಣನೇ ಕೊರವಂಜಿಯ ವೇಷದಲ್ಲಿ ಬಂದು ಕಣಿ ಹೇಳುತ್ತಾನೆ. ಸ್ವರ್ಗವನ್ನು ಕಟ್ಟಿ ತೋರಿಸುವ ಸಲಕರಣೆ ಆ ಆಟದವರ ಬಳಿ ಇರಲಿಲ್ಲ. ಭಾಗವತ ಒಂದು ಪದ ಹಾಡಿದರೆ ಬಯಲೇ ದ್ವಾರಕೆಯಾಗುತ್ತಿತ್ತು. ಮುಂದೆ ಚಾಪೆ ಹಾಸಿಕೊಂಡು ಕುಳಿತವರು ಉಳಿದ ಅರ್ಧವನ್ನು ತಮ್ಮ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ನೋಡುವವನೂ ದುಡಿಯಬೇಕು ಎಂಬುದು ಆ ಕಲೆಯ ಒಪ್ಪಂದವಾಗಿತ್ತು.

ಇದೇ ಒಪ್ಪಂದ ಇಲ್ಲಿಯ ಚಿತ್ರಕಲೆಯಲ್ಲಿಯೂ ಇತ್ತು. 1580ರಿಂದ 1627ರವರೆಗೆ ವಿಜಯಪುರದಲ್ಲಿ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ದಖನಿ ಭಾಷೆಯ ಒಂದು ಪ್ರೇಮಕಾವ್ಯ ಹುಟ್ಟಿತು. ಅದರ ಹೆಸರು 'ಪೇಮ್ ನೇಮ್', ಅಂದರೆ ಪ್ರೇಮದ ನೇಮ. ಅದರ ಸಚಿತ್ರ ಹಸ್ತಪ್ರತಿ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಾಯಕನ ಹೃದಯದಲ್ಲಿ ಪ್ರಿಯತಮೆ ನೆಲೆಸಿದ್ದಾಳೆ ಎಂದು ಕವಿ ಹೇಳಿದ್ದನ್ನು ಚಿತ್ರಕಾರರು ಹೇಗೆ ತೋರಿಸಿದರು ಬಲ್ಲಿರಾ? ನಾಯಕನ ಎದೆಯ ಮೇಲೆಯೇ ಅವಳ ಪುಟ್ಟ ಚಿತ್ರವನ್ನು ಬರೆದುಬಿಟ್ಟರು. ಅವನು ಎಲ್ಲಿ ಹೋದರೂ ಅವಳು ಎದೆಯ ಮೇಲಿರುತ್ತಾಳೆ. ಮಾತಿನ ಅಲಂಕಾರ ಕಣ್ಣಿಗೆ ಕಾಣುವ ವಸ್ತುವಾಯಿತು, ಆದರೂ ಅದರ ಗುಟ್ಟು ಕೆಡಲಿಲ್ಲ.

ಇದು ವಿಚಿತ್ರವೆನಿಸಿದರೆ ನಿಮ್ಮ ಮನೆಯ ಗೋಡೆಯತ್ತ ಒಮ್ಮೆ ನೋಡಿರಿ. ಯೇಸುವಿನ ಪವಿತ್ರ ಹೃದಯದ ಪಟದಲ್ಲಿ ಹೃದಯ ಎದೆಯ ಹೊರಗೆ ಇದೆ. ಅದರ ಸುತ್ತ ಮುಳ್ಳು, ಮೇಲೆ ಜ್ವಾಲೆ. ಅದನ್ನು ಕಂಡು ವೈದ್ಯಶಾಸ್ತ್ರಕ್ಕೆ ವಿರುದ್ಧವೆಂದು ನಮ್ಮ ಅಜ್ಜಿಯಂದಿರು ಎಂದಾದರೂ ಹೇಳಿದ್ದುಂಟೇ? ಕಾಣದ ಪ್ರೀತಿಯನ್ನು ಕಾಣಿಸಲು ಚಿತ್ರಕಾರ ಸಹಜದ ಗೆರೆಯನ್ನು ದಾಟಿದ್ದಾನೆ ಎಂಬುದು ಯಾರೂ ಕಲಿಸದೆಯೇ ಅವರಿಗೆ ತಿಳಿದಿತ್ತು. ಅದ್ಭುತವನ್ನು ಓದುವ ವಿದ್ಯೆ ನಮ್ಮ ಮನೆಗಳಲ್ಲಿ ಮೊದಲಿನಿಂದ ಇದೆ. ಸಿನಿಮಾದ ಮುಂದೆ ಕುಳಿತಾಗ ಮಾತ್ರ ಅದನ್ನು ಮರೆತು ಎಣಿಕೆಗೆ ಇಳಿಯುತ್ತೇವೆ.

ಹೂಮರವಾಗುತ್ತಿದ್ದ ಹುಡುಗಿ

ಅದ್ಭುತವನ್ನು ಅಳೆಯುವ ಅಳತೆಗೋಲನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ನಮ್ಮ ಹೆಂಗಸರು ಹೇಳಿಕೊಂಡು ಬಂದ ಒಂದು ಕಥೆಯಲ್ಲಿಯೇ ಅದು ಇದೆ. ಎ. ಕೆ. ರಾಮಾನುಜನ್ ಅವರು ಕನ್ನಡನಾಡಿನಲ್ಲಿ ಸಂಗ್ರಹಿಸಿದ ಹೂಮರದ ಕಥೆ ಅವರು ತೀರಿಕೊಂಡ ಮೇಲೆ, 1997ರಲ್ಲಿ, ಇಂಗ್ಲಿಷ್ ಜಾನಪದ ಕಥಾಸಂಕಲನವೊಂದರಲ್ಲಿ ಪ್ರಕಟವಾಯಿತು. ಆ ಸಂಕಲನಕ್ಕೆ ಹೆಸರು ಬಂದದ್ದೂ ಇದೇ ಕಥೆಯಿಂದ.

ಕಥೆ ಹೀಗಿದೆ. ಬಡ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನಿಗೆ ಒಂದು ಗುಟ್ಟು ಹೇಳುತ್ತಾಳೆ. ನೆಲ ಗುಡಿಸಿ, ಉಗುರು ತಾಗಿಸದೆ ಎರಡು ಕೊಡ ನೀರು ತರಬೇಕು. ತಾನು ದೇವರನ್ನು ಧ್ಯಾನಿಸುತ್ತ ಕುಳಿತಾಗ ಒಂದು ಕೊಡ ನೀರನ್ನು ಮೈಮೇಲೆ ಸುರಿಯಬೇಕು. ಆಗ ತಾನು ಹೂಮರವಾಗುವೆ. ಎಷ್ಟು ಹೂ ಬೇಕೋ ಅಷ್ಟು ಬಿಡಿಸಿಕೊಳ್ಳಬಹುದು, ಆದರೆ ಒಂದು ಎಲೆ, ಒಂದು ಚಿಗುರೂ ಮುರಿಯಬಾರದು. ಆಮೇಲೆ ಎರಡನೆಯ ಕೊಡದ ನೀರು ಸುರಿದರೆ ತಾನು ಮತ್ತೆ ಮನುಷ್ಯಳಾಗುವೆ. ಅಕ್ಕ ಹಾಗೆಯೇ ಮಾಡುತ್ತಾಳೆ. ಹೂ ಮಾರಿ ಮನೆಗೆ ಕಾಸು ಬರುತ್ತದೆ.

ಆ ಹೂವಿನ ಗುಟ್ಟು ರಾಜಕುಮಾರನಿಗೆ ತಿಳಿಯುತ್ತದೆ, ಅವಳನ್ನು ಮದುವೆಯಾಗುತ್ತಾನೆ. ಮದುವೆಯಾದ ಮೇಲೆ ಅವನು ಕೇಳುವ ಮೊದಲ ಮಾತೇ ನನಗೂ ತೋರಿಸು ಎಂಬುದು. ಅವಳು ಒಲ್ಲೆನೆಂದರೂ ಕೊನೆಗೆ ಸೋಲುತ್ತಾಳೆ. ದಿನವೂ ಹೂವಿನ ಹಾಸಿಗೆ, ದಿನವೂ ಬಾಡಿದ ಹೂವಿನ ರಾಶಿ. ಆ ರಾಶಿಯನ್ನು ಕಂಡ ನಾದಿನಿ ಗುಟ್ಟನ್ನು ಪತ್ತೆಹಚ್ಚಿ, ಅವಳನ್ನು ತೋಟಕ್ಕೆ ಕರೆದೊಯ್ದು, ಗೆಳತಿಯರ ಮುಂದೆ ಬಲವಂತದಿಂದ ಮರವಾಗಿಸುತ್ತಾಳೆ. ಗೆಳತಿಯರು ಹೂವಿಗಾಗಿ ಮುಗಿಬಿದ್ದು ಕೊಂಬೆ ಮುರಿಯುತ್ತಾರೆ, ಎಲೆ ಹರಿಯುತ್ತಾರೆ. ಮಳೆ ಬರುತ್ತದೆ. ಎರಡನೆಯ ಕೊಡದ ನೀರನ್ನು ಹೇಗೆ ಬೇಕೋ ಹಾಗೆ ಚೆಲ್ಲಿ ಓಡಿಹೋಗುತ್ತಾರೆ. ಅಲ್ಲಿ ಉಳಿಯುವುದು ಅತ್ತ ಮರವೂ ಅಲ್ಲದ, ಇತ್ತ ಮನುಷ್ಯಳೂ ಅಲ್ಲದ, ಕೈಕಾಲಿಲ್ಲದ ಒಂದು ಜೀವ.

ವಾಚಕರೇ, ಈ ಕಥೆಯಲ್ಲಿ ಅದ್ಭುತ ನಡೆಯುವುದು ಮೂರು ಕಾರಣಗಳಿಗೆ. ಮೊದಲು ತಾಯಿಯ ಹಸಿವಿಗಾಗಿ, ಆಮೇಲೆ ಗಂಡನ ಸುಖಕ್ಕಾಗಿ, ಕೊನೆಗೆ ಗೆಳತಿಯರ ತಮಾಷೆಗಾಗಿ. ಮರ ಅದೇ, ಹೂವೂ ಅದೇ. ನೋಡುವವರ ಕಣ್ಣು ಬದಲಾದಂತೆ ವರವೇ ಗಾಯವಾಗುತ್ತದೆ. ಅದ್ಭುತವನ್ನು ತೆರೆಯ ಮೇಲೆ ತರುವ ಎಲ್ಲ ನಿರ್ದೇಶಕರಿಗೂ, ಅದನ್ನು ನೋಡುವ ನಮಗೂ ಇದಕ್ಕಿಂತ ಒಳ್ಳೆಯ ವಿಮರ್ಶೆಯ ಸೂತ್ರವನ್ನು ಯಾವ ವಿಶ್ವವಿದ್ಯಾಲಯ ಕೊಟ್ಟೀತು? ಮೊದಲ ಕೊಡದ ನೀರನ್ನು ಯಾರು ಬೇಕಾದರೂ ಸುರಿದಾರು. ಚಿಗುರು ಮುರಿಯದೆ ಹೂ ಬಿಡಿಸಿದರೇ, ಎರಡನೆಯ ಕೊಡವನ್ನು ನೆನಪಿಟ್ಟು ಸುರಿದರೇ ಎಂಬುದೇ ಪರೀಕ್ಷೆ. ಬೇಸಿಗೆಯಲ್ಲಿ ಎರಡು ಕೊಡ ನೀರಿಗೆ ಏನು ಬೆಲೆ ಎಂಬುದನ್ನು ಬರ ಕಂಡ ಈ ಸೀಮೆಯ ತಾಯಂದಿರಿಗೆ ಯಾರೂ ವಿವರಿಸಬೇಕಾಗಿಲ್ಲ.

ತೆರೆಗೆ ಬಂದ ಹೂಮರ

ಗಿರೀಶ ಕಾರ್ನಾಡರು 1992ರಲ್ಲಿ ಈ ಕಥೆಯನ್ನು ಆಧರಿಸಿ 'ಚೆಲುವಿ' ಎಂಬ ಚಿತ್ರ ಮಾಡಿದರು. ಕಥೆ ನಮ್ಮದಾದರೂ ಚಿತ್ರದ ಭಾಷೆ ಹಿಂದಿ. ಸೋನಾಲಿ ಕುಲಕರ್ಣಿ ಚೆಲುವಿಯ ಪಾತ್ರ ಮಾಡಿದ್ದಾರೆ. ರಾಜಕುಮಾರನ ಬದಲು ಊರಿನ ಮುಖ್ಯಸ್ಥನ ಮಗ, ಅರಮನೆಯ ಬದಲು ಹಳ್ಳಿಯ ದೊಡ್ಡಮನೆ. ಈ ಬದಲಾವಣೆ ಕಥೆಗೆ ಒಪ್ಪುತ್ತದೆ, ಏಕೆಂದರೆ ನಾವು ಬಲ್ಲ ಮನೆಯೊಳಗೆ ನಡೆದಾಗ ಅದ್ಭುತ ಹೆಚ್ಚು ನಂಬಿಕೆಗೆ ಬರುತ್ತದೆ, ಕ್ರೌರ್ಯವೂ ಹೆಚ್ಚು ನಂಬಿಕೆಗೆ ಬರುತ್ತದೆ. ಮರವಾಗುವ ಗಳಿಗೆಯನ್ನು ಕಾರ್ನಾಡರು ಕಣ್ಕಟ್ಟಿನ ಸಂಭ್ರಮವಾಗಿಸಲಿಲ್ಲ ಎಂಬುದು ಅವರ ಹೆಚ್ಚುಗಾರಿಕೆ.

ಆದರೆ ಕೊನೆಯಲ್ಲಿ ಚಿತ್ರ ಕಥೆಯಿಂದ ಬೇರೆಯಾಗುತ್ತದೆ. ಜಾನಪದ ಕಥೆಯಲ್ಲಿ ಗಂಡ ಪಶ್ಚಾತ್ತಾಪದಿಂದ ಭಿಕ್ಷುಕನಾಗಿ ಅಲೆದು, ದೂರದ ಊರಿನಲ್ಲಿ ಆ ಮುರಿದ ಜೀವವನ್ನು ಕಂಡು ಗುರುತಿಸುತ್ತಾನೆ. ಮೊದಲ ಕೊಡದ ನೀರು ಸುರಿದು ಅವಳನ್ನು ಮರವಾಗಿಸಿ, ಮುರಿದ ಕೊಂಬೆಗಳನ್ನೂ ಹರಿದ ಎಲೆಗಳನ್ನೂ ಒಂದೊಂದಾಗಿ ತನ್ನ ಕೈಯಿಂದಲೇ ಸರಿಪಡಿಸಿ, ಎರಡನೆಯ ಕೊಡದ ನೀರು ಸುರಿಯುತ್ತಾನೆ. ಅವಳು ಪೂರ್ಣ ಮನುಷ್ಯಳಾಗಿ ಎದ್ದು ನಿಲ್ಲುತ್ತಾಳೆ. ಚಿತ್ರ ಈ ಸುಖಾಂತ್ಯವನ್ನು ಕೊಡುವುದಿಲ್ಲ. ಚೆಲುವಿಯ ಗಾಯ ಮಾಯುವುದಿಲ್ಲ. ಅವಳ ದುಃಖ ಮನುಷ್ಯ ಕಡಿದು ಹಾಕಿದ ಕಾಡಿನ ದುಃಖವಾಗಿ ಹಿಗ್ಗುತ್ತದೆ.

ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಕಡಿದ ಕಾಡು ಒಂದು ಕೊಡ ನೀರಿಗೆ ಮರಳುವುದಿಲ್ಲ ಎಂಬುದು ಸತ್ಯ, ಆ ಸತ್ಯವನ್ನು ಹೇಳುವ ಹಕ್ಕು ಕಲಾವಿದನಿಗೆ ಉಂಟು. ಆದರೆ ಒಂದು ನಷ್ಟವನ್ನೂ ಹೇಳಬೇಕು. ಜಾನಪದ ಕಥೆಯಲ್ಲಿ ತಪ್ಪು ಮಾಡಿದ ಗಂಡನ ಕೈಗೆ ಒಂದು ಕೆಲಸವಿದೆ. ಸುಖಕ್ಕಾಗಿ ಹೂ ಬೇಡಿದ ಕೈಯೇ ಕೊನೆಗೆ ಎಲೆಗೆ ಎಲೆ ಜೋಡಿಸುತ್ತದೆ. ಚಿತ್ರದಲ್ಲಿ ಆ ಕೈ ಬರಿದಾಗಿಯೇ ಉಳಿಯುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಚಿತ್ರ ಶುಭ ಶುಕ್ರವಾರದಲ್ಲಿ ನಿಲ್ಲುತ್ತದೆ, ಕಥೆ ಪಾಸ್ಖ ಹಬ್ಬದವರೆಗೆ ನಡೆಯುತ್ತದೆ. ಶುಕ್ರವಾರವನ್ನು ಹಾರಿ ಭಾನುವಾರಕ್ಕೆ ಹೋಗಬಾರದು, ಸರಿ. ಆದರೆ ಮಕ್ಕಳಿಗೆ ಈ ಚಿತ್ರ ತೋರಿಸುವವರು ಅದಾದ ಮೇಲೆ ಅಜ್ಜಿಯರ ಕಥೆಯನ್ನೂ ಪೂರ್ತಿಯಾಗಿ ಹೇಳುವುದು ಒಳಿತು.

ಇದೇ ಕಥೆ ಕಡಲು ದಾಟಿಯೂ ಹೋಯಿತು. ಅಮೆರಿಕದ ಸಂಗೀತ ರಚನಕಾರ ಜಾನ್ ಆಡಮ್ಸ್ ರಾಮಾನುಜನ್ ಅವರ ಇಂಗ್ಲಿಷ್ ಪಾಠವನ್ನು ಆಧರಿಸಿ ರಚಿಸಿದ ಗೀತನಾಟಕ 2006ರಲ್ಲಿ ವಿಯೆನ್ನಾ ನಗರದಲ್ಲಿ ಮೊದಲ ಪ್ರದರ್ಶನ ಕಂಡಿತು. ಮುಖ್ಯ ಹಾಡುಗಾರರು ಮೂವರೇ: ಹುಡುಗಿ, ರಾಜಕುಮಾರ ಮತ್ತು ಕಥೆ ಹೇಳುವವನು. ಕಥೆ ಹೇಳುವವನು ಹಾಡಿ ಹೇಳುತ್ತಾನೆ, ವಾದ್ಯಗಳು ಅದನ್ನು ಹೊತ್ತು ನಡೆಯುತ್ತವೆ, ಕೇಳುವವರ ಮನಸ್ಸಿನಲ್ಲಿ ಮರ ಏಳುತ್ತದೆ. ಇವನು ನಮ್ಮ ಭಾಗವತನ ದೂರದ ತಮ್ಮನಲ್ಲದೆ ಇನ್ನಾರು? ಕಾರ್ನಾಡರು ಬಿಟ್ಟ ಸುಖಾಂತ್ಯ ಅಲ್ಲಿ ಉಳಿದಿದೆ ಎಂಬುದನ್ನೂ ಗಮನಿಸಬೇಕು.

ಉಂಗುರ ಮತ್ತು ಸಿಂಹ

ಈಗ ಇದೇ ಅಳತೆಗೋಲನ್ನು ಹಿಡಿದು ನಮ್ಮ ಮಕ್ಕಳು ಹೆಚ್ಚಾಗಿ ನೋಡುವ ಚಿತ್ರಗಳತ್ತ ಬರೋಣ. ಜೆ. ಆರ್. ಆರ್. ಟೋಲ್ಕಿನ್ ದೃಢ ನಂಬಿಕೆಯ ಕಥೋಲಿಕರು. ಅವರ 'ದಿ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ ಕೊನೆಯ ಸಂಪುಟ ಬಂದದ್ದು 1955ರಲ್ಲಿ. ದುಷ್ಟಶಕ್ತಿಯ ಉಂಗುರ ನಾಶವಾಗುವ ದಿನಕ್ಕೆ ಅವರು ಆರಿಸಿಕೊಂಡ ತಾರೀಖು ಮಾರ್ಚ್ 25, ಅಂದರೆ ದೇವದೂತ ಗಬ್ರಿಯೇಲ್ ಕನ್ಯಾಮರಿಯಮ್ಮನವರಿಗೆ ಮಂಗಳವಾರ್ತೆ ತಂದ ಹಬ್ಬದ ದಿನ. ಇದನ್ನು ಅವರು ಎಲ್ಲಿಯೂ ಡಂಗುರ ಹೊಡೆದು ಹೇಳಲಿಲ್ಲ. ಬಲ್ಲವರು ಕಂಡುಕೊಳ್ಳಲಿ ಎಂಬಂತೆ ಇಟ್ಟು ಸುಮ್ಮನಾದರು.

2001ರಿಂದ 2003ರವರೆಗೆ ಪೀಟರ್ ಜಾಕ್ಸನ್ ಇದನ್ನು ಮೂರು ಚಿತ್ರಗಳಾಗಿ ತೆರೆಗೆ ತಂದರು. ಮೂರನೆಯದಕ್ಕೆ 11 ಆಸ್ಕರ್ ಪ್ರಶಸ್ತಿಗಳು ಬಂದವು. ಮೆಚ್ಚತಕ್ಕದ್ದು ಇಲ್ಲಿ ಬಹಳ ಇದೆ. ಟೋಲ್ಕಿನ್ ಕಥೆಗಳಿಗೆ ವರ್ಷಗಟ್ಟಲೆ ಚಿತ್ರ ಬರೆದಿದ್ದ ಆಲನ್ ಲೀ ಮತ್ತು ಜಾನ್ ಹೋವ್ ಎಂಬ ಕಲಾವಿದರನ್ನು ಕರೆಸಿ, ಅವರ ಪೆನ್ಸಿಲ್ ರೇಖೆಗಳ ಮೇಲೆ ಊರು, ಕೋಟೆ, ಕಣಿವೆಗಳನ್ನು ಕಟ್ಟಿದ್ದು ವಿವೇಕದ ಕೆಲಸ. ಆದ್ದರಿಂದಲೇ ಆ ಲೋಕ ನಿನ್ನೆ ಮೊನ್ನೆ ಕಟ್ಟಿದ್ದೆನಿಸದೆ ಯಾರೋ ಬಹುಕಾಲ ಬಾಳಿದ ಲೋಕವೆನಿಸುತ್ತದೆ. ಚಿಕ್ಕ ಉಂಗುರವೊಂದು ಹೊತ್ತವನ ಕುತ್ತಿಗೆಯನ್ನು ಬಾಗಿಸುವ ಪರಿ ಪಾಪದ ಭಾರವನ್ನು ಕುರಿತ ಒಂದು ಪ್ರಸಂಗದಷ್ಟೇ ಪರಿಣಾಮಕಾರಿ.

ಆದರೆ ಎರಡನೆಯ ಕೊಡ? ಕಾದಂಬರಿಯಲ್ಲಿ ಯುದ್ಧ ಗೆದ್ದ ನಾಲ್ವರು ಪುಟ್ಟ ವೀರರು ತಮ್ಮೂರಿಗೆ ಮರಳಿದಾಗ ಊರು ಮೊದಲಿನಂತಿಲ್ಲ. ದುರಾಸೆಯವರು ಮರಗಳನ್ನು ಕಡಿದಿದ್ದಾರೆ, ನೀರು ಕೆಡಿಸಿದ್ದಾರೆ, ನೆರೆಯವರನ್ನು ಬೆದರಿಸಿಟ್ಟಿದ್ದಾರೆ. ದೂರದ ದುಷ್ಟನನ್ನು ಗೆದ್ದವರು ಈಗ ಮನೆಯ ಅಂಗಳವನ್ನು ಸರಿಪಡಿಸಬೇಕು. ತೋಟಗಾರ ಸ್ಯಾಮ್ ತನಗೆ ಉಡುಗೊರೆಯಾಗಿ ಬಂದ ಮಣ್ಣನ್ನು ಊರೆಲ್ಲ ಚಿಟಿಕೆ ಚಿಟಿಕೆಯಾಗಿ ಹಂಚಿ ಸಸಿಗಳನ್ನು ಎಬ್ಬಿಸುತ್ತಾನೆ. ಚಿತ್ರದಲ್ಲಿ ಈ ಅಧ್ಯಾಯವೇ ಇಲ್ಲ. ವೀರರು ಮರಳಿದಾಗ ಊರು ಬಿಟ್ಟು ಹೋದಂತೆಯೇ ನಗುನಗುತ್ತ ಇದೆ. ಮೂರು ತಾಸು ದಾಟಿದ ಚಿತ್ರಕ್ಕೆ ಇದು ಹೆಚ್ಚಾದೀತೆಂಬ ಲೆಕ್ಕ ಇರಬಹುದು. ಆದರೂ ಆನೆಯಂಥ ಮೃಗಗಳು ಸೈನ್ಯವನ್ನು ತುಳಿಯುವುದಕ್ಕೆ ಸಮಯ ಸಿಕ್ಕ ಮೇಲೆ, ತೋಟಗಾರ ಸಸಿ ನೆಡುವುದಕ್ಕೆ ಸಮಯ ಸಿಗಬೇಕಿತ್ತು. ದೂರದ ಯುದ್ಧ ಎಲ್ಲರಿಗೂ ಇಷ್ಟ. ಮನೆಗೆ ಬಂದು ಕೊಂಬೆ ಜೋಡಿಸುವ ಕೆಲಸ ಯಾರಿಗೂ ಬೇಡ.

ಟೋಲ್ಕಿನ್ ಅವರ ಗೆಳೆಯ ಸಿ. ಎಸ್. ಲೂಯಿಸ್ ನಾರ್ನಿಯ ಕಥಾಮಾಲೆಯ ಮೊದಲ ಪುಸ್ತಕವನ್ನು 1950ರಲ್ಲಿ ಪ್ರಕಟಿಸಿದರು. ಅದರ ಸಿಂಹ ಅಸ್ಲಾನ್ ಒಬ್ಬ ತಪ್ಪಿತಸ್ಥ ಹುಡುಗನಿಗಾಗಿ ಪ್ರಾಣ ಕೊಟ್ಟು ಮತ್ತೆ ಎದ್ದುಬರುತ್ತದೆ. ಯಾರ ನೆರಳು ಅದು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ವೇಷ ತೊಟ್ಟ ಮನುಷ್ಯರು ಈ ಪ್ರಾಣಿಗಳನ್ನು ಅಭಿನಯಿಸಿದರೆ ಅದು ನಗೆಪಾಟಲಾಗುತ್ತದೆ ಎಂದು ಲೂಯಿಸ್ 1959ರ ಪತ್ರವೊಂದರಲ್ಲಿ ಖಂಡಿತವಾಗಿ ವಿರೋಧಿಸಿದ್ದರು. 2005ರಲ್ಲಿ ಆಂಡ್ರ್ಯೂ ಆಡಮ್ಸನ್ ಮಾಡಿದ ಚಿತ್ರದಲ್ಲಿ ಗಣಕಯಂತ್ರ ಆ ಆತಂಕವನ್ನು ಬಹುಮಟ್ಟಿಗೆ ನಿವಾರಿಸಿದೆ. ಸಿಂಹ ಸಿಂಹವಾಗಿಯೇ ಇದೆ. ಬಟ್ಟೆಯ ಕಪಾಟಿನೊಳಗಿಂದ ಪುಟ್ಟ ಹುಡುಗಿ ಹಿಮದ ಮೇಲೆ ಕಾಲಿಡುವ ದೃಶ್ಯ ಚಿಗುರು ಮುರಿಯದೆ ಬಿಡಿಸಿದ ಹೂವು.

ಆದರೆ ಪುಸ್ತಕದಲ್ಲಿ ಕೆಲವೇ ಪುಟಗಳಲ್ಲಿ ಮುಗಿಯುವ ಕಾಳಗ ಚಿತ್ರದಲ್ಲಿ ಬಹುದೊಡ್ಡ ರಣರಂಗವಾಗಿದೆ. ಲೂಯಿಸರಿಗೆ ಕಾಳಗ ಮುಖ್ಯವಾಗಿರಲಿಲ್ಲ. ಕಲ್ಲಿನ ಮೇಜಿನ ಮೇಲೆ ರಾತ್ರಿ ಮೌನವಾಗಿ ನಡೆದ ಬಲಿಯೇ ಗೆಲುವು. ಉಳಿದದ್ದು ಅದರ ಹಿಂದೆ ಬಂದ ಸುದ್ದಿ. ಚಿತ್ರ ನೋಡಿ ಬಂದ ಮಕ್ಕಳನ್ನು ಸಿಂಹ ಹೇಗೆ ಗೆದ್ದಿತು ಎಂದು ಕೇಳಿ ನೋಡಿರಿ. ಪ್ರಾಣ ಕೊಟ್ಟು ಎಂದು ಹೇಳಿದರೆ ಸಂತೋಷ. ಯುದ್ಧ ಮಾಡಿ ಎಂದರೆ ಚಿತ್ರದಲ್ಲಿ ಎಲ್ಲಿ ಕೊಂಬೆ ಮುರಿದಿದೆ ಎಂದು ನಿಮಗೇ ತಿಳಿಯುತ್ತದೆ.

ಮಾತು ಕಳೆದುಕೊಂಡ ಜೀವ, ಹಾರಿಹೋದ ಓತಿ

ವಿಜ್ಞಾನದ ಕಲ್ಪನೆಯ ಕಥೆಗಳಿಗೂ ಈ ಅಳತೆ ಸಲ್ಲುತ್ತದೆ. 1818ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯನ್ನು ಈ ಬಗೆಯ ಕಥೆಗಳ ಮೂಲವೆಂದು ಅನೇಕರು ಎಣಿಸುತ್ತಾರೆ. ಯುವಕನೊಬ್ಬ ಒಂದು ಜೀವವನ್ನು ಸೃಷ್ಟಿಸಿ, ಅದರ ರೂಪಕ್ಕೆ ಹೆದರಿ ಬಿಟ್ಟು ಓಡಿಹೋಗುತ್ತಾನೆ. ಮೊದಲ ಕೊಡ ಸುರಿದು, ಎರಡನೆಯದನ್ನು ಮರೆತು ಓಡಿದ ಗೆಳತಿಯರ ನೆನಪಾಗುವುದಿಲ್ಲವೇ? ಕಾದಂಬರಿಯಲ್ಲಿ ಆ ಜೀವ ಮಾತು ಕಲಿಯುತ್ತದೆ, ಪುಸ್ತಕ ಓದುತ್ತದೆ, ತನ್ನನ್ನೇಕೆ ಸೃಷ್ಟಿಸಿ ತೊರೆದೆ ಎಂದು ಕರ್ತೃವನ್ನು ಕೇಳುತ್ತದೆ. 1931ರಲ್ಲಿ ಜೇಮ್ಸ್ ವೇಲ್ ಮಾಡಿದ ಹೆಸರಾಂತ ಚಿತ್ರ ಅದರ ಮಾತನ್ನೇ ಕಿತ್ತುಕೊಂಡಿತು. ಬೋರಿಸ್ ಕಾರ್ಲಾಫ್ ಅವರ ಕಣ್ಣುಗಳಲ್ಲಿ ಅಳಲು ಉಳಿಯಿತಾದರೂ ಜನರ ನೆನಪಿನಲ್ಲಿ ನಿಂತದ್ದು ಗುರುಗುಟ್ಟುವ ರಾಕ್ಷಸ. ಮಾತು ಹೋದೊಡನೆ ಪ್ರಶ್ನೆ ಹೋಯಿತು, ಪ್ರಶ್ನೆ ಹೋದೊಡನೆ ಕರ್ತೃವಿನ ಹೊಣೆಯೂ ಹೋಯಿತು. 2025ರಲ್ಲಿ ಬಂದ ಗಿಲೆರ್ಮೊ ಡೆಲ್ ಟೊರೊ ಅವರ ಚಿತ್ರ ಆ ಜೀವಕ್ಕೆ ಮಾತನ್ನು ಮರಳಿಸಿ, ಕೊನೆಗೆ ಕ್ಷಮೆಯ ಮಾತನ್ನೂ ಆಡಿಸಿದೆ. ಸುಮಾರು ನೂರು ವರ್ಷ ತಡವಾದರೂ ಎರಡನೆಯ ಕೊಡದ ನೀರು ಬಿತ್ತು.

ಕನ್ನಡದಲ್ಲಿಯೇ ನೋಡಿರಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿ 1980ರಲ್ಲಿ ಬಂತು. ಕರಾವಳಿಯ ಕ್ರೈಸ್ತರಲ್ಲಿ ಬಳಕೆಯಲ್ಲಿರುವ ಮನೆತನದ ಹೆಸರನ್ನು ಹೊತ್ತ ವಿಜ್ಞಾನಿ ಇಲ್ಲಿದ್ದಾನೆ. ಮಂದಣ್ಣನೆಂಬ ಹಳ್ಳಿಯ ಹುಡುಗನಿದ್ದಾನೆ. ಯುಗಯುಗಗಳಿಂದ ಬದುಕುಳಿದು ಬಂದ ಹಾರುವ ಓತಿಯ ಹುಡುಕಾಟವಿದೆ. ಎಲ್ಲರೂ ಕಷ್ಟಪಟ್ಟು ಅದನ್ನು ಕಾಣುತ್ತಾರೆ, ಆದರೆ ಅದು ಕೈಗೆ ಸಿಗದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಈ ಕೃತಿಯನ್ನು ತೆರೆಗೆ ತರುವವರ ಮುಂದೆ ದೊಡ್ಡ ಆಮಿಷವಿದೆ: ಗಣಕಯಂತ್ರದ ಬಲದಿಂದ ಆ ಓತಿಯನ್ನು ತೆರೆಯ ತುಂಬ ಕುಣಿಸುವ ಆಮಿಷ. ಹಾಗೆ ಮಾಡಿದವರು ಕಾದಂಬರಿಯನ್ನು ಕಳೆದುಕೊಂಡಂತೆಯೇ. ಅದು ಹಾರಿಹೋಗುವುದರಲ್ಲಿ ಅದರ ಘನತೆ ಇದೆ, ನೋಡಿ ಬಿಟ್ಟುಕೊಡುವುದರಲ್ಲಿ ನೋಡಿದವರ ಘನತೆ ಇದೆ.

ಹೆರೋದನ ಕಣ್ಣು, ಯಾಯೀರನ ಮನೆ

ಇಷ್ಟು ಹೇಳಿದ ಮೇಲೆ ಶುಭಸಂದೇಶದತ್ತ ತಿರುಗದಿರಲು ಸಾಧ್ಯವಿಲ್ಲ. ಪ್ರಭು ಯೇಸು ಅದ್ಭುತಗಳನ್ನು ಮಾಡಿದರು. ಆದರೆ ದೇವಾಲಯದ ಶಿಖರದಿಂದ ಧುಮುಕಿ ತೋರಿಸು ಎಂದಾಗ ಒಪ್ಪಲಿಲ್ಲ. ಒಂದಾದರೂ ಅದ್ಭುತವನ್ನು ನೋಡಬೇಕೆಂದು ಬಹುದಿನದಿಂದ ಕಾದಿದ್ದ ಹೆರೋದನ ಮುಂದೆ ಒಂದು ಮಾತನ್ನೂ ಆಡಲಿಲ್ಲ. ಹಸಿದ ಜನರಿಗೆ ರೊಟ್ಟಿ ಹೆಚ್ಚಿಸಿ ಕೊಟ್ಟ ಕೈ, ತಮಾಷೆ ನೋಡಲು ಕುಳಿತ ಕಣ್ಣಿಗೆ ಏನನ್ನೂ ಕೊಡಲಿಲ್ಲ. ಹೂಮರದ ಕಥೆ ಹೇಳಿದ ಹೆಂಗಸರಿಗೆ ಈ ವ್ಯತ್ಯಾಸ ಅರ್ಥವಾಗುತ್ತಿತ್ತು.

ಯಾಯೀರನ ಮಗಳ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ಹನ್ನೆರಡು ವರ್ಷದ ಹುಡುಗಿ ತೀರಿಕೊಂಡಿದ್ದಾಳೆ. ಯೇಸು ಗದ್ದಲದ ಜನರನ್ನೆಲ್ಲ ಹೊರಗೆ ಕಳುಹಿಸಿ, ತಂದೆತಾಯಿ ಮತ್ತು ಮೂವರು ಶಿಷ್ಯರನ್ನಷ್ಟೇ ಒಳಗಿಟ್ಟುಕೊಂಡು ಅವಳ ಕೈಹಿಡಿದು ಎಬ್ಬಿಸುತ್ತಾರೆ. ಇದನ್ನು ಯಾರಿಗೂ ತಿಳಿಸಬೇಡಿರೆನ್ನುತ್ತಾರೆ. ಆಮೇಲೆ ಅವಳಿಗೆ ಊಟಕ್ಕೆ ಏನಾದರೂ ಕೊಡಿರೆನ್ನುತ್ತಾರೆ. ಸಾವನ್ನೇ ಹಿಮ್ಮೆಟ್ಟಿಸಿದ ಗಳಿಗೆಯಲ್ಲಿ ಹುಡುಗಿಗೆ ಹಸಿವಾಗಿರುತ್ತದೆ ಎಂಬುದನ್ನು ನೆನೆದವರು ಅವರೊಬ್ಬರೇ. ಎರಡನೆಯ ಕೊಡದ ನೀರು ಎಂದರೆ ಇದೇ: ಅದ್ಭುತ ಕಂಡವಳನ್ನು ಮತ್ತೆ ಮನೆಗೆ, ತಟ್ಟೆಗೆ, ತಾಯಿಯ ಕೈತುತ್ತಿಗೆ ಮರಳಿಸುವುದು. ಪುನರುತ್ಥಾನವಾದ ಮೇಲೆಯೂ ಅವರು ರಾಜಬೀದಿಯಲ್ಲಿ ಮೆರವಣಿಗೆ ಹೊರಡಲಿಲ್ಲ. ಸರೋವರದ ದಡದಲ್ಲಿ ಕೆಂಡ ಹೊತ್ತಿಸಿ, ದಣಿದು ಬಂದ ಗೆಳೆಯರಿಗೆ ಮೀನು ಸುಟ್ಟುಕೊಟ್ಟರು.

ಯಕ್ಷಕಥೆಗಳನ್ನು ಕುರಿತ ತಮ್ಮ ಪ್ರಬಂಧದಲ್ಲಿ ಟೋಲ್ಕಿನ್ ಹೇಳಿದ್ದೂ ಇದಕ್ಕೆ ಹತ್ತಿರವಾದ ಮಾತು. ಎಲ್ಲ ಮುಗಿಯಿತು ಎಂಬಲ್ಲಿ ಕಥೆ ಥಟ್ಟನೆ ಒಳಿತಿನತ್ತ ಹೊರಳುವ ತಿರುವನ್ನು ಅವರು ಅಂಥ ಕಥೆಗಳ ಅತಿದೊಡ್ಡ ವರವೆಂದು ಬಗೆದರು. ಕ್ರಿಸ್ತರ ಪುನರುತ್ಥಾನವನ್ನು ನಿಜವಾಗಿ ನಡೆದ ಅಂಥ ತಿರುವೆಂದು ಕಂಡರು. ಹಾಗೆ ನೋಡಿದಾಗ ಮುರಿದ ಕೊಂಬೆಗಳನ್ನು ಜೋಡಿಸಿಕೊಂಡು ಎದ್ದು ನಿಲ್ಲುವ ನಮ್ಮ ಹುಡುಗಿಯ ಕಥೆ ಪಾಸ್ಖ ಹಬ್ಬಕ್ಕೆ ಅಪರಿಚಿತಳೇನಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಆದ್ದರಿಂದ ಪಾಲಕರೇ, ಮಂತ್ರದಂಡಗಳನ್ನು ಎಣಿಸುವುದನ್ನು ಬಿಡೋಣ. ಮಕ್ಕಳ ಜೊತೆಗೆ ಕುಳಿತು ಚಿತ್ರ ನೋಡೋಣ. ಮುಗಿದ ಮೇಲೆ ಮೊಬೈಲನ್ನು ಬದಿಗಿಟ್ಟು ಮಾತ್ರ ಕೆಲವು ಮಾತು ಕೇಳೋಣ. ಈ ಅದ್ಭುತ ಯಾರ ಹಸಿವಿಗಾಗಿ ನಡೆಯಿತು? ಅದು ನಡೆದಾಗ ಯಾರಿಗೆ ನೋವಾಯಿತು, ಆ ನೋವನ್ನು ಚಿತ್ರ ಮಾಡಿದವರು ಗಮನಿಸಿದರೇ? ಎಲ್ಲ ಮುಗಿದ ಮೇಲೆ ಮುರಿದದ್ದನ್ನು ಸರಿಪಡಿಸಲು ಯಾರಾದರೂ ಹಿಂದೆ ಉಳಿದರೇ? ಹತ್ತು ವರ್ಷದ ಮಗು ಕೂಡ ಇವಕ್ಕೆ ಉತ್ತರ ಹೇಳಬಲ್ಲದು; ಎಷ್ಟೋ ಸಲ ನಮಗಿಂತ ಚೆನ್ನಾಗಿ ಹೇಳುತ್ತದೆ.

ಇನ್ನೊಂದು ಮಾತು. ಇಂದು ಮೊಬೈಲಿಗೆ ಒಂದು ವಾಕ್ಯ ಹೇಳಿದರೆ ಸಾಕು, ಕ್ಷಣಮಾತ್ರದಲ್ಲಿ ಅದು ಹೂಮರದ ಹುಡುಗಿಯ ಹತ್ತು ಚಿತ್ರಗಳನ್ನು ಬರೆದು ಮುಂದಿಡುತ್ತದೆ. ನೋಡಲು ಚೆಂದವೇ. ಆದರೆ ಅಲ್ಲಿ ನೆಲ ಗುಡಿಸಿದವರಿಲ್ಲ, ನೀರು ಹೊತ್ತು ತಂದವರಿಲ್ಲ. ಚಿತ್ರ ನೋಡುವ ಮೊದಲು ಕಥೆಯನ್ನು ಬಾಯಲ್ಲಿ ಹೇಳಿರಿ. ಮಗು ತನ್ನ ಮರವನ್ನು ತಾನೇ ಬಳಪದಲ್ಲಿ ಬರೆಯಲಿ. ಅದು ಸೊಟ್ಟಗಿದ್ದರೂ ಆ ಮಗುವಿನ ಮರ. ಅಂಥ ಮರವೊಂದು ಒಳಗಿರುವ ಮಗು ಮುಂದೆ ಎಷ್ಟು ದೊಡ್ಡ ತೆರೆಯ ಮುಂದೆ ಕುಳಿತರೂ, ಕೊಂಬೆ ಮುರಿದ ಸದ್ದನ್ನು ಕೇಳಿಸಿಕೊಳ್ಳುತ್ತದೆ.